ಕೆನ್ನೆಗೆ ಕಾವಲು

ಬೈಕು ನಮ್ಮ ಬೆನ್ನು ಬಿದ್ದಿತ್ತು!

ಓಡಿಸುತ್ತಿದ್ದವನು ಯಾರೋ ಹುಂಬ. ಅವನಿಗೆ ನಾನು ಹೆದರಲಿಲ್ಲ. ಹೆದರಿದ್ದು ಹಿಂದೆ ಕೂತವಳಿಗೆ... ಗುರುಬಸಮ್ಮ! ಗೀತಾಂಜಲಿಯ ಸೋದರತ್ತೆ.

ಗೀತಾಂಜಲಿ ನನ್ನ ಪಾರ್ಟಿ, ಅಂದರೆ ನನ್ನ ಬಾಡಿಗೆ ಕಾರಿನ ಗಿರಾಕಿ. ಕೊಟ್ಟೂರಿನ ಹೈಸ್ಕೂಲ್ ಟೀಚರ್. ಚಿಕ್ಕಂದಿನಲ್ಲಿ ನಾಯಿ ಕಚ್ಚಿ ಎಡಗೆನ್ನೆ ಗುಳಿ ಬಿದ್ದಿತ್ತು. ದಾವಣಗೆರೆಯಲ್ಲಿ ತೊಡೆಯ ಕೊಬ್ಬು ತೆಗೆದು ಅಲ್ಲಿಗೆ ತುಂಬಿದ್ದರು. ಅದು ಹಿಡಿದುಕೊಳ್ಳುವವರೆಗೆ ಕೆನ್ನೆ ಒತ್ತಬಾರದು, ತಿಕ್ಕಬಾರದು, ಆ ಮಗ್ಗುಲಿಗೆ ಮಲಗಬಾರದು ಅಂತ ಡಾಕ್ಟರ್ ಆರ್ಡರ್. ಅವಳನ್ನು ಹುಷಾರಾಗಿ ಮನೆ ಮುಟ್ಟಿಸುವ ಕೇಸು ನನ್ನದು.

ದಾರಿಯಲ್ಲಿ, ಅತ್ತೆಯ ಊರಾದ ತೆಲಿಗಿಯಲ್ಲಿ ನೀರಿಗೆ ಅಂತ ಕಾರು ನಿಲ್ಲಿಸಿದ್ದೇ ಎಡವಟ್ಟಾಯಿತು. ಅತ್ತೆ ನೋಡಿಬಿಟ್ಟಳು!

ಈ ಅತ್ತೆಗೆ ಒಂದೇ ಚಟ. ಮುದ್ದಿನವರು ಸಿಕ್ಕರೆ ಎರಡೂ ಕೆನ್ನೆ ಗಸಗಸ ಸವರಿ, ಲಟಿಕೆ ಮುರಿದು ದೃಷ್ಟಿ ತೆಗೆಯುವುದು.

ವಿಷಯ ಹೇಳಿಬಿಡೋಣ ಅಂದೆ. ಹೇಳಿದರೆ ಬಿಸಿ ಉಪ್ಪಿನ ಗಂಟು ತಂದು ಶಾಖವನ್ನೂ ಕೊಡುತ್ತಾಳೆ ಅಂದಳು ಗೀತಾಂಜಲಿ. ಡಾಕ್ಟರ್ ಅದನ್ನೂ ಬೇಡ ಅಂದಿದ್ದರು.

"ಇದು ಕೆಟ್ಟರ ಮತ್ತ ಆಪರೇಷನ್‌ಗೆ ನಾ ಹೋಗಂಗಿಲ್ಲಣ್ಣ. ಅಷ್ಟು ಧೈರ್ಯ ಒಂದ ಸಲ ಇತ್ತು ನನಗ."

ಆಕ್ಸಿಲರೇಟರ್ ತುಳಿದೆ. ಬೈಕೂ ಜೋರಾಯಿತು!

ತಿರುವಿನಲ್ಲಿ ಕುರಿಹಿಂಡು... ರಸ್ತೆ ತುಂಬಾ! ಬ್ರೇಕ್ ಹಾಕಿದೆ. ಹಾರ್ನ್ ಹೊಡೆದೆ. ಕುರಿಗಳು ಕ್ಯಾರೇ ಅನ್ನಲಿಲ್ಲ.

ಬೈಕು ಬಂದು ಪಕ್ಕಕ್ಕೆ ನಿಂತಿತು. ನಾನು ಕೆಳಗಿಳಿದು ಕಾರಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ರೌಡಿಗಳಿಗೆ ಹೀಗೇ ಅಡ್ಡ ನಿಂತವನು ನಾನು.

"ಸರೀಲೇ," ಅಂದಳು ಅತ್ತೆ. "ನನ್ನ ಕೂಸಿನ ಮುಖ ಬಾತೈತಿ. ಯಾರದೋ ಕಣ್ಣು ಬಿದ್ದೈತಿ."

ಸರಿದೆ! ಏನು ಮಾಡಲಿ, ಹೇಳಿ? ಅವಳ ಮೊಣಕೈ ನನ್ನ ಪಕ್ಕೆಗೆ ಬಿದ್ದಿತ್ತು.

ಗೀತಾಂಜಲಿ ಗಾಜು ಏರಿಸಿಕೊಂಡಳು. ಸಣ್ಣ ಸಂದಿ ಉಳಿಸಿ, ಇದ್ದದ್ದೆಲ್ಲ ಹೇಳಿದಳು.

"ಮುಟ್ಟಬ್ಯಾಡತ್ತಿ. ಮುಟ್ಟಿದರ ಮತ್ತ ಗುಳಿ ಬೀಳ್ತೈತಿ."

ಎತ್ತಿದ ಕೈ ಹಾಗೇ ನಿಂತವು. ಅತ್ತೆಯ ಕಣ್ಣು ತುಂಬಿ ಬಂದವು. ಶಾಖ ಕೊಡಬಹುದೇ ಎಂದು ಮೆಲ್ಲಗೆ ಕೇಳಿದಳು. ಅದೂ ಬೇಡ ಅಂದೆ. ಆಮೇಲೆ ಎರಡೂ ಅಂಗೈ ಕಿಟಕಿಯ ಗಾಜಿಗೆ ಹಚ್ಚಿ, ಒಳಗಿನ ಮುಖವನ್ನು ಹೊರಗಿನಿಂದಲೇ ಸವರಿದಳು. ಲಟಲಟ ಅಂತ ಲಟಿಕೆ ಮುರಿದಳು.

ಕೆನ್ನೆ ಉಳಿಯಿತು! ನನಗೂ ಖುಷಿ ತಡೆಯಲಿಲ್ಲ. ನನಗೂ ಒಂದು ದೃಷ್ಟಿ ತೆಗೀರಿ ಅಮ್ಮಾ ಅಂತ ಮುಖ ಮುಂದೆ ಮಾಡಿದೆ.

ಅತ್ತೆ ಅದನ್ನು ಆ ಕಡೆಯಿಂದ ಈ ಕಡೆಯವರೆಗೆ ನೋಡಿದಳು.

"ಇದಕ್ಕ ಯಾರ ಕಣ್ಣು ಬೀಳ್ತೈತೋ ತಮ್ಮಾ... ಗಾಡಿ ಹತ್ತು."