ಮುಳ್ಳಿನವರೆಗೂ ಬೆಂದ ಮೀನು

ಹಿಂಬಾಗಿಲಿನಿಂದ ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದವನು ಅಂದು ಮಧ್ಯಾಹ್ನ ಮುಂಬಾಗಿಲಿನಿಂದ ಗಿರಾಕಿಯಂತೆ ಹೋಟೆಲಿನೊಳಗೆ ಬಂದ. ಮುಖಕ್ಕೆ ಮಾಸ್ಕು, ಮೈಮೇಲೆ ಇಸ್ತ್ರಿ ಮಾಡಿದ ಶರ್ಟು. ಕಣ್ಣು ಮಾತ್ರ ಅದೇ ತುಂಟ ಕಣ್ಣು. ಓವನ್ ಮುಂದೆ ನಿಂತಿದ್ದ ಅಡುಗೆಯವಳ ಕೈಯಿಂದ ಟ್ರೇ ಇನ್ನೇನು ಜಾರಬೇಕು, ಹೇಗೋ ಸಾವರಿಸಿಕೊಂಡಳು.

"ಏನು ಓವನಮ್ಮಾ, ಗುರುತು ಸಿಗಲಿಲ್ವಾ?"

"ಗುರುತಿಟ್ಕೊಳ್ಳೋಕೆ ನೀನೇನು ದಿನಾ ಬರ್ತಿದ್ಯಾ, ಮೀನಪ್ಪಾ? ವರ್ಷ ಆಯ್ತು ಮುಖ ತೋರಿಸಿ. ಸತ್ತೇ ಹೋದೆ ಅಂದ್ಕೊಂಡಿದ್ದೆ."

"ಹೋಗಿದ್ದೆ. ಅಕ್ಕ ಕೈ ಹಿಡಿದು ಎಳ್ಕೊಂಡು ಬಂದ್ಳು."

ಅವನು ನಗುತ್ತಲೇ ಹೇಳಿದ. ಕೇಳುತ್ತ ಕೇಳುತ್ತ ಅವಳ ಮುಖ ಬಾಡಿತು. ಅವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಅಕ್ಕ ತನ್ನದೊಂದನ್ನು ಕೊಟ್ಟು ಉಳಿಸಿಕೊಂಡಿದ್ದಳು. ಆ ಕಿಡ್ನಿಯನ್ನು ಮೈ ತಿರಸ್ಕರಿಸದಿರಲೆಂದು ಬದುಕಿರುವವರೆಗೂ ಮಾತ್ರೆ. ಮಾತ್ರೆಯಿಂದಾಗಿ ರೋಗ ತಡೆಯುವ ಶಕ್ತಿಯೇ ಇಲ್ಲ. ಹಸಿ ಮೀನು ಮುಟ್ಟುವ ಹಾಗಿಲ್ಲ ಎಂದಮೇಲೆ ವ್ಯಾಪಾರವೆಲ್ಲಿ ಬಂತು? ಈಗ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದ.

"ಮೀನು ತಿನ್ನಬಹುದಂತೆ, ಆದ್ರೆ ಮುಳ್ಳಿನವರೆಗೂ ಬೆಂದಿರಬೇಕು. ಅರೆಬೆಂದಿದ್ರೆ ನನಗೆ ವಿಷ ಅಂತ ಡಾಕ್ಟರ್ ಹೇಳಿದ್ದಾರೆ. ಹೊರಗಡೆ ತಿನ್ನಲೇಬೇಡ ಅಂತ ಅಕ್ಕ ಬೇರೆ ಬಡ್ಕೊಂಡ್ಲು. ಅದು ನಂಗೆ ಹೊರಗಡೆ ಅಲ್ಲ ಕಣಕ್ಕ ಅಂದು ಬಂದೆ."

ಕೊನೆಯ ಮಾತಿಗೆ ಅವಳ ಕಿವಿ ಬಿಸಿಯಾಯಿತು. ಕಾಣಿಸದಿರಲೆಂದು ಗದರಿದಳು. "ನನ್ನ ಕೈಯಿಂದ ಯಾವತ್ತಾದ್ರೂ ಹಸಿ ಮೀನು ಹೋಗಿದ್ಯಾ? ಸುಮ್ನೆ ಕೂತ್ಕೋ."

ಇಲ್ಲೇ ನೋಡಿ ಎಡವಟ್ಟಾದದ್ದು. ಕೈಪಳಗಿದ ಅಡುಗೆಯವರಿಗೆ ಒಂದು ಜಂಬ ಇರುತ್ತದೆ. ಮೀನು ಪೂರ್ತಿ ಬೇಯುವುದಕ್ಕೆ ಕೊಂಚ ಮೊದಲೇ ಓವನ್‌ನಿಂದ ತೆಗೆದುಬಿಡುತ್ತಾರೆ. ಮಿಕ್ಕದ್ದು ಒಳಗಿನ ಬಿಸಿಯಲ್ಲೇ ಬೇಯುತ್ತದೆ, ಮಾಂಸ ಬೆಣ್ಣೆಯ ಹಾಗೆ ಉಳಿಯುತ್ತದೆ. ಇವಳಿಗೆ ಹೆಸರು ಬಂದದ್ದೇ ಹಾಗೆ. ಚೂರಿ ಚುಚ್ಚಿ ನೋಡುವುದೆಂದರೆ ಅವಳಿಗೆ ಅವಮಾನ. ಚರ್ಮದ ಬಣ್ಣ ನೋಡಿಯೇ ಹೇಳುತ್ತೇನೆ ಎನ್ನುತ್ತಿದ್ದಳು.

ಅಂದು ಪ್ರೀತಿಗೆ ಕಣ್ಣು ಎಲ್ಲಿತ್ತು? ಐಸಿನ ಅಡಿಯಿಂದ ಇರುವುದರಲ್ಲೇ ದಪ್ಪನೆಯ ಮೀನು ಆರಿಸಿದಳು. ಅದರ ಚಳಿ ಬಿಡಲೆಂದು ಹೊರಗಿಡುವಷ್ಟು ತಾಳ್ಮೆಯೂ ಇರಲಿಲ್ಲ. ಒರೆಸಿ, ಗೀರು ಹಾಕಿ, ಬೆಳ್ಳುಳ್ಳಿ, ಮೆಣಸು, ನಿಂಬೆ, ಎಣ್ಣೆ ಸವರಿ ಒಳಗೆ ತಳ್ಳಿದಳು. ಚರ್ಮ ಹೊಂಬಣ್ಣಕ್ಕೆ ತಿರುಗಿದ್ದೇ ತಡ, ಕೈ ತನ್ನ ಪಾಡಿಗೆ ತಾನು ಅದನ್ನು ಹೊರಗೆ ಎಳೆಯಿತು.

ತಟ್ಟೆ ಇಟ್ಟು, ಗಲ್ಲಕ್ಕೆ ಕೈಯೂರಿ ಅವನೆದುರು ಕೂತಳು. ಅವನು ಮಾಸ್ಕ್ ತೆಗೆದ. ಕೆನ್ನೆ ಇಳಿದುಹೋಗಿತ್ತು.

"ಹೀಗೆ ಬಿಟ್ಟ ಕಣ್ಣು ಬಿಟ್ಟಹಾಗೆ ನೋಡ್ತಿದ್ರೆ ಹೇಗೆ ತಿನ್ನೋದು?"

"ನೋಡಿದ್ರೆ ಸವೆದು ಹೋಗ್ತೀಯಾ? ತಿನ್ನು."

ಬೆನ್ನಿನ ಕಡೆಯ ದಪ್ಪ ಭಾಗ ಮುರಿದವನ ಕೈ ಒಂದು ಕ್ಷಣ ನಿಂತಿತು. ಅವನು ತಲೆಯೆತ್ತಿ ಅವಳ ಮುಖ ನೋಡಿದ. ತಟ್ಟೆಯನ್ನು ಸ್ವಲ್ಪ ತನ್ನ ಕಡೆಗೆ ತಿರುಗಿಸಿಕೊಂಡು ತಿಂದ, ಮುಳ್ಳಷ್ಟೇ ಉಳಿಯುವ ಹಾಗೆ ತಿಂದ. "ಅಮೃತ ಕಣೇ," ಎಂದ. ಅವಳಿಗೆ ಸ್ವರ್ಗ ಮೂರೇ ಗೇಣು.

ಅವನು ಹೋದಮೇಲೆ ತಟ್ಟೆ ಎತ್ತಲು ಬಂದವಳು ಬಗ್ಗಿ ನೋಡಿದಳು. ಬೆನ್ನುಮುಳ್ಳಿಗೆ ಗಾಜಿನಂತೆ ಹೊಳೆಯುವ, ನಸುಗೆಂಪು ಮಾಂಸ ಅಂಟಿಕೊಂಡಿತ್ತು. ತಟ್ಟೆ ಅಲ್ಲೇ ಬಿಟ್ಟು ಫೋನ್ ಮಾಡಿದಳು.

"ಬೆಂದಿರಲಿಲ್ಲ ಕಣೋ! ನಿಂಗೆ ಕಾಣಿಸಲಿಲ್ವಾ?"

"ಕಾಣಿಸ್ತು."

"ಕಾಣಿಸ್ತಾ? ಮತ್ಯಾಕೆ ತಿಂದೆ?"

"ನೀನು ಎದುರಿಗೆ ಕೂತು ಅಷ್ಟು ಖುಷಿಯಾಗಿ ನೋಡ್ತಿದ್ಯಲ್ಲ. ಹೇಗೆ ಹೇಳ್ಲಿ? ಏನಾಗಲ್ಲ ಬಿಡು."

ಆಸ್ಪತ್ರೆಗೆ ಹೋಗು ಎಂದು ಬೈದಳು, ಅತ್ತಳು, ದಮ್ಮಯ್ಯ ಎಂದಳು. ಅವನು ಹೋಗಲಿಲ್ಲ. ಮಾರನೇ ದಿನ ಜ್ವರದಲ್ಲಿ ಪ್ರಜ್ಞೆ ತಪ್ಪಿದವನನ್ನು ಅಕ್ಕನೇ ಎತ್ತಿಕೊಂಡು ಹೋದಳು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅವಳನ್ನು ಕಂಡ ಅಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು. ಸೊಂಟದ ಪಕ್ಕ ಹೊಲಿಗೆಯ ಜಾಗದ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಹೇಳಿದಳು. "ನನ್ನ ಮೈ ಕೊಯ್ಸಿಕೊಂಡು ಕೊಟ್ಟಿದ್ದು ಕಣಮ್ಮಾ. ಇನ್ನೊಂದು ಕೊಡೋಣ ಅಂದ್ರೆ ನನ್ನ ಹತ್ರ ಇಲ್ಲ. ಹೋಗು. ಅವನ ಕಣ್ಣಿಗೆ ಬೀಳಬೇಡ."

ಅವಳು ಬಂದ ದಾರಿಯಲ್ಲೇ ತಿರುಗಿದಳು. ಏನಂತ ಹೇಳುತ್ತಾಳೆ, ಬೇಡಿಕೊಳ್ಳುವುದಕ್ಕೂ ಮುಖ ಬೇಕಲ್ಲ. ಹೋಟೆಲಿಗೆ ವಾಪಸು ಬಂದು ಓವನ್ ಮುಂದೆ ನಿಂತಳು. ಅಂದಿನಿಂದ ಅವಳು ಬೇಯಿಸಿದ ಮೀನೆಲ್ಲ ಒಣಗಿ ಕಟ್ಟಿಗೆ. ಗಿರಾಕಿಗಳು ತಟ್ಟೆ ವಾಪಸು ಕಳಿಸಿದರು, ಯಜಮಾನ ಮುಖ ಸಿಂಡರಿಸಿದ. ಮುಳ್ಳಿನ ಪಕ್ಕ ಚೂರಿ ಹಾಕಿ ನೋಡದೆ ಒಂದು ಮೀನನ್ನೂ ಹೊರಗೆ ಬಿಡಲಿಲ್ಲ. ಅವನ ಜೀವ ಉಳಿಯಿತೆಂದು ಬಸ್ ನಿಲ್ದಾಣದವರು ಹೇಳಿ ಗೊತ್ತಾಯಿತು. ಸೋಂಕು ಏರಿ ಅಕ್ಕ ಕೊಟ್ಟ ಕಿಡ್ನಿ ಉಳಿಯಲಿಲ್ಲ ಎಂದೂ ಅವರೇ ಹೇಳಿದರು. ಅಂದು ಅವಳು ಪಾತ್ರೆ ತೊಳೆಯುವ ಜಾಗದಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಮನಸಾರೆ ಅತ್ತಳು.

ಎಷ್ಟೋ ವಾರ ಕಳೆದಮೇಲೆ ಒಂದು ಸಂಜೆ ಅಕ್ಕನೇ ಹೋಟೆಲಿಗೆ ಬಂದಳು. ಕೂರಲಿಲ್ಲ.

"ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಹೋಗೋದೂ ಇಲ್ಲವೇನೋ. ಆದ್ರೆ ಅವನು ಅನ್ನ ಮುಟ್ತಿಲ್ಲ. ಬಾ, ನನ್ನ ಕಣ್ಣೆದುರಿಗೇ ಮಾಡು."

ಅಕ್ಕನ ಅಡುಗೆಮನೆಯಲ್ಲಿ ಇದ್ದದ್ದು ಪುಟ್ಟ ಓವನ್. ಅವಳು ಚಿಕ್ಕ ಮೀನನ್ನೇ ತಂದಿದ್ದಳು. ಚಳಿ ಬಿಡುವವರೆಗೂ ಕಾದಳು. ಓವನ್ ಕಾದಮೇಲೆ ಒಳಗಿಟ್ಟಳು. ಬಣ್ಣ ನೋಡಲಿಲ್ಲ. ಚೂರಿಯಿಂದ ದಪ್ಪ ಭಾಗ ಬಿಡಿಸಿ ಅಕ್ಕನಿಗೆ ತೋರಿಸಿದಳು. ಮಾಂಸ ಬೆಳ್ಳಗಾಗಿ ಪದರಪದರವಾಗಿ ಮುಳ್ಳಿನಿಂದ ತಾನೇ ಬಿಟ್ಟುಬಂತು. ಅಷ್ಟಾದರೂ ಜೀವ ತಡೆಯದೆ ಮತ್ತೆ ಒಳಗಿಟ್ಟಳು, ಇನ್ನೊಮ್ಮೆ ತೆಗೆದು ನೋಡಿದಳು, ಮತ್ತೆ ಇಟ್ಟಳು.

"ಸಾಕು, ಬಿಡು," ಎಂದಳು ಅಕ್ಕ.

ಅವನು ಮೇಜಿನ ಮುಂದೆ ಕೂತಿದ್ದ. ತೋಳಿಗೆ ಬ್ಯಾಂಡೇಜು. ಅವಳನ್ನು ನೋಡಿ ಕಣ್ಣಲ್ಲೇ ನಕ್ಕ. ಆ ನಗುವಿಗೆ ಕರಗಿಹೋಗಲು ಅವಳಿಗೆ ಎಷ್ಟು ಆಸೆಯಿತ್ತೋ, ಆದರೆ ತಟ್ಟೆ ಕೊಡದೆ ಕೈಯಲ್ಲೇ ಹಿಡಿದು ನಿಂತಳು.

"ನನ್ನ ಮುಖ ನೋಡ್ಕೊಂಡು ತಿನ್ನಬೇಡ. ಹೇಗಿದೆಯೋ ಹಾಗೆ ಹೇಳು. ಇನ್ನೊಂದು ಸಲ ಸುಳ್ಳು ಹೇಳಿ ತಿಂದ್ರೆ ನಾನು ಈ ಮನೆ ಮೆಟ್ಟಿಲು ಹತ್ತಲ್ಲ."

"ಪ್ರೀತಿಗೆ ತಿಂದೆ ಕಣೇ."

"ನಿನ್ನ ಪ್ರೀತಿ, ನನ್ನ ಜಂಬ, ಎರಡೂ ಸೇರಿ ಅಕ್ಕನ ಕಿಡ್ನಿ ತಿಂದ್ವು."

ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಅವನು ತಲೆ ತಗ್ಗಿಸಿ ಒಂದು ತುತ್ತು ಬಾಯಿಗಿಟ್ಟ. ಅಗಿದ, ಅಗಿಯುತ್ತಲೇ ಇದ್ದ. ಅವಳ ಕಡೆ ಕಣ್ಣು ಹೊರಳಿತು, ತಕ್ಷಣ ತಟ್ಟೆಗೆ ಇಳಿಯಿತು.

"ಚೆನ್ನಾಗಿಲ್ಲ," ಎಂದ. "ಒಣಗಿ ಹತ್ತಿ ಆಗಿದೆ. ಗಂಟಲಲ್ಲಿ ಇಳೀತಿಲ್ಲ. ಜನ್ಮದಲ್ಲಿ ಇಂಥಾ ಕೆಟ್ಟ ಮೀನು ತಿಂದಿರ್ಲಿಲ್ಲ."

ಅವಳಿಗೆ ಅಳು ಉಕ್ಕಿಬಂತು. "ನಿನ್ನನ್ನೇ ಮದುವೆ ಆಗ್ತೀನಿ," ಎಂದುಬಿಟ್ಟಳು. ಅಕ್ಕ ಇದ್ದಾಳೆಂಬ ನಾಚಿಕೆಯೂ ಆಗಲಿಲ್ಲ.

"ಹುಚ್ಚಿ. ವಾರದಲ್ಲಿ ಮೂರು ದಿನ ನನ್ನ ಆ ಡಯಾಲಿಸಿಸ್ ಮೆಷಿನ್ನಿಗೆ ಕಟ್ಟಿಹಾಕ್ತಾರೆ. ಎಷ್ಟು ದಿನದ ಮನುಷ್ಯನೋ ನಾನು."

"ಎಷ್ಟು ದಿನವೋ ಅಷ್ಟು ದಿನ."

ಅವನು ಕೆಮ್ಮಿದ. ಅವಳು ನೀರಿನ ಹೂಜಿಗೆ ಕೈ ಹಾಕಿದಳು. ಅಕ್ಕ ಬಂದು ಅವಳ ಕೈ ತಡೆದಳು.

"ಅರ್ಧ ಲೋಟ. ಅದಕ್ಕಿಂತ ಹೆಚ್ಚು ಕೊಟ್ರೆ ಹೊರಗೆ ಹೋಗದೆ ಮೈಯಲ್ಲೇ ನಿಂತು, ನೀರೇ ಇವನನ್ನ ತಿನ್ನುತ್ತೆ. ಗೋಗರೀತಾನೆ, ನಗಿಸ್ತಾನೆ, ಸಿಟ್ಟು ಮಾಡ್ತಾನೆ. ಕೊಡಬಾರದು. ನಿನ್ನ ಕೈಲಿ ಆಗುತ್ತಾ?"

ಅವಳು ಅರ್ಧ ಲೋಟ ಬಗ್ಗಿಸಿ ಕೊಟ್ಟಳು. ಒಂದೇ ಗುಟುಕಿಗೆ ಮುಗಿಸಿ ಅವನು ಲೋಟ ಮುಂದೆ ಚಾಚಿದ. ತುಟಿ ಒಣಗಿ ಬಿರುಕುಬಿಟ್ಟಿತ್ತು.

"ಒಂದು ಗುಟುಕು ಕಣೇ. ಒಂದೇ ಒಂದು."

ಅವಳು ಹೂಜಿಯನ್ನು ಮೇಜಿನ ಆಚೆ ತುದಿಗೆ ಸರಿಸಿದಳು. "ಇಲ್ಲ," ಎಂದಳು. ಅವನ ಕೈಯಿಂದ ಖಾಲಿ ಲೋಟ ಬಿಡಿಸಿಕೊಂಡು, ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕೂತಳು.