ಡಬ್ಬಿಗೆ ಹಚ್ಚಿದ ಅಂಟು

ಮಾರ್ಚ್ ಹನ್ನೊಂದರಂದು ಬೆಳಿಗ್ಗೆ ಹತ್ತೂವರೆಗೆ ಗಂಗಾವತಿಯ ಠಾಣೆಗೆ ಒಂದೇ ಸುಟ್ಟ ಫೋನಿನ ಬಗ್ಗೆ ಎರಡು ದೂರು ಬಂದವು. ಇನ್‌ಸ್ಪೆಕ್ಟರ್ ಹುಸೇನಬಾಷಾನ ಎದುರು ಎರಡು ಕುರ್ಚಿ. ಒಂದರಲ್ಲಿ ಬಲಗೈಗೆ ಮೊಣಕೈವರೆಗೂ ಪಟ್ಟಿ ಕಟ್ಟಿಸಿಕೊಂಡ ಸರ್ದಾರಬೀ, ಹೊಲಿಗೆ ಕೆಲಸದವಳು. ಇನ್ನೊಂದರಲ್ಲಿ ಬೆಂಗಳೂರಿನ ವಕೀಲ ಪ್ರವೀಣಕುಮಾರ, ನೂರಾರು ದೇಶಗಳಲ್ಲಿ ಮೊಬೈಲ್ ಮಾರುವ ಕಂಪನಿಯೊಂದರ ಪರವಾಗಿ ಬಂದವನು. ಫೋನ್ ಹೊತ್ತಿ ಉರಿದ ವಿಡಿಯೋ ನಾಲ್ಕು ದಿನದಿಂದ ಊರೂರು ಸುತ್ತುತ್ತಿತ್ತು. ವಕೀಲ ಬಂದಿದ್ದು ಆ ವಿಡಿಯೋಗಾಗಿ, ಸುಟ್ಟ ಕೈಗಾಗಿ ಅಲ್ಲ.

"ಬ್ಯಾಟರಿ ಎಲ್ಲಿ ಹಾಕಿಸಿದ್ರಿ, ಆಪಾ?"

"ರಫೀ ಅಂಗಡ್ಯಾಗ್ರಿ. ನನ್ನ ಮುಂದಽ ಡಬ್ಬಿ ಒಡದು ಹಾಕಿದ. ಕಂಪನಿ ಮಾಲು ಅಂದ."

"ಚಾರ್ಜಿಗೆ ಹಾಕಿ ಮಾತಾಡ್ತಿದ್ರೇನು?"

"ಇಲ್ರಿ. ಗಿರಾಕಿ ಫೋನು ಬಂತು, ಎತ್ತಿದೆ. ಈ ಕೈ ಇನ್ನ ಕತ್ತರಿ ಹಿಡೀತೈತೋ ಇಲ್ಲೋ ಡಾಕ್ಟ್ರಿಗೂ ಗೊತ್ತಿಲ್ಲಂತ. ಸಾಹೇಬ್ರ, ಇಂಥಾವು ಇನ್ನ ಎಷ್ಟು ಮಂದಿ ಕೈಯಾಗ ಅದಾವ್ರಿ?"

ಆ ಪ್ರಶ್ನೆ ಹುಸೇನಬಾಷಾನ ಎದೆಗೆ ಮುಳ್ಳಿನಂತೆ ನೆಟ್ಟಿತು. ವಕೀಲನಿಗೆ ಅದು ಕೇಳಿಸಿದಂತೆಯೇ ಕಾಣಲಿಲ್ಲ. ಅವನು ಕಂಪನಿಯ ವಾರ್ಷಿಕ ವರದಿಯ ಹಾಳೆಗಳನ್ನು ಮೇಜಿನ ಮೇಲೆ ಹರಡಿದ. ವ್ಯವಹಾರಕ್ಕೆ ಎದುರಾಗಬಹುದಾದ ಅಪಾಯಗಳಂತೆ: ನಕಲಿ ಬಿಡಿಭಾಗ, ಪೂರೈಕೆದಾರರು ಕೈಕೊಡುವುದು, ಡಾಲರಿನ ಏರಿಳಿತ, ಹೆಸರು ಕೆಡುವುದು.

"ಇದರಾಗ ಈ ಹೆಣ್ಮಗಳ ಕೈ ಎಲ್ಲೈತ್ರಿ?"

"ಅದು ನಮ್ಮ ಬ್ಯಾಟರಿ ಅಲ್ಲವಲ್ಲ ಸಾರ್. ಎಫ್‌ಐಆರ್‌ನಲ್ಲಿ 'ನಕಲಿ' ಅನ್ನೋ ಪದ ಮಾತ್ರ ಮರೀಬೇಡಿ."

ಎಫ್‌ಐಆರ್ ಆಯಿತು: ವಂಚನೆ, ನಿರ್ಲಕ್ಷ್ಯದಿಂದ ತೀವ್ರ ಗಾಯ, ನಕಲಿ ಟ್ರೇಡ್‌ಮಾರ್ಕ್. ಮಧ್ಯಾಹ್ನ ರಫೀಯ ಅಂಗಡಿಯಲ್ಲಿ ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಒಂದು ಚೀಲ ಬ್ಯಾಟರಿ ಡಬ್ಬಿ ಸಿಕ್ಕವು.

"ಯಾರು ಕೊಟ್ಟಾರ?"

"ಬಸ್ಸಿನ್ಯಾಗ ಪಾರ್ಸಲ್ ಬರ್ತೈತ್ರಿ. ಫೋನಿನ್ಯಾಗ ಮಾತು, ಮುಖ ನೋಡಿಲ್ರಿ."

ಆ ನಂಬರ್ ಬಂದ್ ಆಗಿತ್ತು, ಸಿಮ್ ಬಿಹಾರದ ಯಾರದ್ದೋ ಹೆಸರಿನಲ್ಲಿತ್ತು. ಡಬ್ಬಿಗಳು ಮಾತ್ರ ಬಾಯಿ ಬಿಟ್ಟವು. ಕಂಪನಿಯ ಅಸಲಿ ಡಬ್ಬಿಗೆ ಯಂತ್ರ ಮೊಹರು ಹಾಕುತ್ತದೆ, ಅಂಟು ಬಳಸುವುದೇ ಇಲ್ಲ ಎಂದ ವಕೀಲ. ಈ ಡಬ್ಬಿಗಳ ಮಡಿಕೆಗೆ ಕಂದು ಬಣ್ಣದ ದಪ್ಪ ಅಂಟು ಮೆತ್ತಿತ್ತು, ಅದರ ತುಂಬ ಗೋಣಿಯ ನಾರು. ಅಂದರೆ ಖಾಲಿ ಡಬ್ಬಿ ತರಿಸಿಕೊಂಡು ಇಲ್ಲೇ ಸುತ್ತಮುತ್ತ ಯಾರೋ ಮಡಚಿ ಅಂಟಿಸುತ್ತಿದ್ದಾರೆ.

"ಗೋಣಿ ಅಂದ್ರ ರೈಸ್‌ಮಿಲ್ಲಽ ಸರ್" ಎಂದ ಹೆಡ್ ಕಾನ್‌ಸ್ಟೇಬಲ್ ಓಬಳೆಪ್ಪ.

ಗಂಗಾವತಿಯಲ್ಲಿ ರೈಸ್‌ಮಿಲ್ಲಿಗೇನು ಬರ! ಮೂರು ದಿನ ಗೋದಾಮು ಗೋದಾಮು ಅಲೆದರು. ತಲೆ ತುಂಬ ತೌಡಿನ ಧೂಳು ತುಂಬಿಕೊಂಡು ಬಂದರೇ ಹೊರತು ಒಂದು ತುಂಡು ರಟ್ಟೂ ಸಿಗಲಿಲ್ಲ. ಬೆಟ್ಟ ಅಗೆದರೆ ಇಲಿಯಾದರೂ ಸಿಗಬೇಕಲ್ಲ, ಅದೂ ಇಲ್ಲ. ನಾಲ್ಕನೆಯ ದಿನ ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯಿಂದ ಸುದ್ದಿ ಬಂತು. ಕಟ್ಟೆಯ ಮೇಲೆ ಸುಮ್ಮನೆ ಇಟ್ಟಿದ್ದ ಅದೇ ಮಾದರಿಯ ಫೋನು ಸುಟ್ಟು, ಪಕ್ಕದ ಹಾಸಿಗೆಗೂ ಬೆಂಕಿ ತಗುಲಿತ್ತು. ಅದರ ಮೇಲೆ ಮಲಗಿದ್ದ ಕೂಸನ್ನು ಆಗತಾನೇ ಎತ್ತಿಕೊಂಡಿದ್ದರಂತೆ.

ಹುಸೇನಬಾಷಾ ವಕೀಲನಿಗೆ ಫೋನ್ ಹಚ್ಚಿದ. "ಈ ಜಿಲ್ಲೆದಾಗ ಆ ಫೋನ್ ಇಟ್ಕೊಂಡಾವ್ರಿಗೆಲ್ಲ ಒಂದು ಮೆಸೇಜ್ ಹಾಕ್ರಿ. ಬ್ಯಾಟರಿ ತೋರಸ್ರಿ ಅಂತ."

"ಆಗಲ್ಲ ಸಾರ್. ನಮ್ಮ ಫೋನೇ ಅಪಾಯ ಅಂತ ಜನ ತಿಳ್ಕೋತಾರೆ. ಅದೂ ಒಂದು ರಿಸ್ಕ್."

ಹುಸೇನಬಾಷಾನಿಗೆ ರೋಸಿಹೋಯಿತು. ಫೋನಿಟ್ಟವನೇ ಮೇಜಿಗೆ ಗುದ್ದಿದ. ಯಾರೋ ಠಾಣೆಗೆ ಕಾಣಿಕೆ ಕೊಟ್ಟಿದ್ದ ಕಿನ್ನಾಳದ ಮರದ ಗಿಳಿ ಉರುಳಿ ನೆಲಕ್ಕೆ ಬಿದ್ದು ಕಾಲು ಮುರಿದುಕೊಂಡಿತು. ಬೈದುಕೊಳ್ಳುತ್ತಲೇ ಎತ್ತಿದವನು ಹಾಗೆಯೇ ನಿಂತ. ಮುರಿದ ಸಂದಿನಲ್ಲಿ ಕಂದು ಅಂಟು, ಅದರೊಳಗೆ ಗೋಣಿಯ ನಾರು. ಹುಣಸೆ ಬೀಜದ ಅಂಟಿಗೆ ಗೋಣಿಯ ಪುಡಿ ಕಲಸಿ ಗೊಂಬೆಯ ಕೀಲು ಕೂಡಿಸುವ ಕಿನ್ನಾಳದವರ ಕಿಟ್ಟ ಅದು.

"ಓಬಳೆಪ್ಪಾ, ಗಾಡಿ ತಗಿ!"

ಕೊಪ್ಪಳದ ಪೊಲೀಸರಿಗೆ ತಿಳಿಸಿ ಮಧ್ಯಾಹ್ನ ಮೂರಕ್ಕೆ ಕಿನ್ನಾಳ ಮುಟ್ಟಿದರು. ಗೊಂಬೆ ಮಾಡುವ ಮನೆಗಳು ಅಲ್ಲಿ ಬೆರಳೆಣಿಕೆಯಷ್ಟು. ಮೊಬೈಲ್ ಕೆಲಸ ಬಲ್ಲವರು ಯಾರು ಎಂದು ಕೇಳಿದ್ದೇ ತಡ, ಓಣಿಗೆ ಓಣಿಯೇ ಹುಲಗೆಮ್ಮನ ಮನೆ ತೋರಿಸಿತು. ಅವಳ ಮಗ ಮಲ್ಲೇಶ ಕೊಪ್ಪಳದಲ್ಲಿ ಅದೇ ಕಂಪನಿಯ ಸರ್ವಿಸ್ ಸೆಂಟರ್ ನಡೆಸುತ್ತಿದ್ದ. ಹೋದ ವರ್ಷ ಕಂಪನಿ ಅದನ್ನು ಮುಚ್ಚಿಸಿತ್ತು.

ಪಡಸಾಲೆಯಲ್ಲಿ ಹುಲಗೆಮ್ಮ ಗೊಂಬೆಯೊಂದಕ್ಕೆ ಕಿಟ್ಟ ಮೆತ್ತುತ್ತಿದ್ದಳು. ಒಳಗೆ ಮಂಚದ ಕೆಳಗೆ ಖಾಲಿ ಡಬ್ಬಿಗಳ ಕಟ್ಟು ಇತ್ತು. ಮಲ್ಲೇಶ ಓಡಲಿಲ್ಲ.

"ಅಂಗಡ್ಯಾಗ ಅಂಟು ಸಿಗಲಿಲ್ಲೇನು?"

"ಮನ್ಯಾಗ ಗಡಿಗಿ ತುಂಬ ಇರಬೇಕಾದ್ರ ಅಂಗಡಿಗ್ಯಾಕ ಹೋಗೂದ್ರಿ? ಅವ್ವನ ಅಂಟು ಹಿಡದ್ರ ಬಿಡೂದಿಲ್ರಿ."

"ಮಾಲು ಎಲ್ಲಿಂದು?"

"ದಿಲ್ಲಿದ್ರಿ. ಬ್ಯಾಟರಿ ಬ್ಯಾರೆ, ಡಬ್ಬಿ ಬ್ಯಾರೆ ಬರ್ತಾವ."

"ನಕಲಿ ಅಂತ ಗೊತ್ತಿತ್ತು?"

"ಹೆಸರು ನಕಲಿ ಅಂತ ಗೊತ್ತಿತ್ರಿ. ಮಾಲು ಛಲೋ ಐತಿ ಅಂದಿದ್ರು."

"ಸರ್ದಾರಬೀ ಕೈ ಸುಟ್ಟ ವಿಡಿಯೋ ನೋಡಿದ್ದಿಲ್ಲೇನು?"

"ನೋಡಿದ್ದೆ. ಚಾರ್ಜಿಗೆ ಹಾಕಿ ಮಾತಾಡಿರಬೇಕು ಅಂದ್ಕೊಂಡೆ."

"ಮಂಗಳೂರಾಗ ಇಟ್ಟ ಫೋನು ಇಟ್ಟಲ್ಲೇ ಸುಟ್ಟೈತಿ. ಕೂಸು ಉಳದದ್ದ ದೊಡ್ಡದು."

ಮಲ್ಲೇಶ ಇನ್‌ಸ್ಪೆಕ್ಟರನನ್ನು ದಾಟಿ ಅವ್ವನತ್ತ ಧಾವಿಸಿದ. ಓಬಳೆಪ್ಪ ಹಿಡಿಯುವಷ್ಟರಲ್ಲಿ ಅವಳ ನಡುವಿನ ಸಂಚಿಗೆ ಕೈಹಾಕಿ ಫೋನು ಕಿತ್ತು ಅಂಗಳದ ಮರಳಿಗೆ ಎಸೆದ. ಫೋನಿನ ಬೆನ್ನು ಪೂರಿಯಂತೆ ಉಬ್ಬಿತ್ತು.

"ಎರಡು ದಿನದಿಂದ ಬಿಸಿ ಆಗತಿತ್ತಪಾ" ಎಂದಳು ಹುಲಗೆಮ್ಮ, ಏನೂ ತಿಳಿಯದೆ. "ಬ್ಯಾಸಗಿ ಐತಲ್ಲ ಅಂತ ಸುಮ್ನಿದ್ದೆ."

ಹೊತ್ತು ಮುಳುಗುವ ಮುಂಚೆ ಮಲ್ಲೇಶನ ಬಂಧನವಾಯಿತು. ಉಬ್ಬಿದ ಫೋನನ್ನೂ ಪಂಚನಾಮೆಗೆ ಸೇರಿಸಿದ ಹುಸೇನಬಾಷಾ, ಅದು ಆರೋಪಿಯ ತಾಯಿಯ ನಡುವಿನಲ್ಲಿತ್ತು ಎಂಬುದನ್ನು ಬಿಡದೆ ಬರೆಸಿದ. ಅದೇ ಬ್ಯಾಟರಿಯನ್ನು ಅವ್ವನ ಫೋನಿಗೂ ಹಾಕಿದವನಿಗೆ ಅಪಾಯ ಗೊತ್ತಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಇದರಿಂದ ಸರ್ದಾರಬೀಯ ಕೈ ವಾಸಿಯಾಗುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

"ಯಾಕ ಬೇಕಿತ್ತೋ ನಿನಗ ಇದು?" ಜೀಪಿನಲ್ಲಿ ಕೇಳಿದ.

"ಎರಡು ವರ್ಷದ ಫೋನಿಗೆ ಬ್ಯಾಟರಿ ಮಾಡೂದು ನಿಲ್ಲಿಸ್ಯಾರ್ರಿ. ಬೋರ್ಡು ಬಿಚ್ಚಿಕೊಂಡು ಹ್ವಾದ್ರು. ಮಂದಿ ಕಂಪನಿ ಹುಡುಕ್ಕೊಂಡು ಹೋಗ್ಲಿಲ್ರಿ, ನನ್ನ ಮನಿಗೆ ಬಂದ್ರು. ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಆಮ್ಯಾಲ ರೊಕ್ಕದ ರುಚಿನೂ ಹತ್ತಿತ್ರಿ."

ಮಾಲು ಕೊಟ್ಟ ಅಂಗಡಿಗಳ ಹೆಸರನ್ನೆಲ್ಲ ಅವನೇ ಹೇಳಿದ. ಮರುದಿನ ಕುಷ್ಟಗಿಯಿಂದ ಗಂಗಾವತಿವರೆಗೆ ಬ್ಯಾಟರಿ ಬದಲಿಸಿದ ಫೋನಿದ್ದವರು ಠಾಣೆಗೆ ತಂದು ತೋರಿಸಬೇಕೆಂದು ಕಸದ ಗಾಡಿಗಳ ಮೈಕಿನಲ್ಲಿ ಕೂಗಿಸಿದರು. ಕಂಪನಿಯಿಂದ ಬಂದದ್ದು ವಕೀಲನ ಒಂದೇ ಸಂದೇಶ: ಪತ್ರಿಕೆಗೆ ಕೊಡುವ ಫೋಟೋದಲ್ಲಿ ನಮ್ಮ ಹೆಸರು ಕಾಣದಂತೆ ನೋಡಿಕೊಳ್ಳಿ.

ಹತ್ತು ಗಂಟೆಗೆಲ್ಲ ಠಾಣೆಯ ಮುಂದೆ ಜನ ಸಾಲುಗಟ್ಟಿದರು. ಎಲ್ಲರ ಕೈಯಲ್ಲೂ ಫೋನು, ಎಲ್ಲರೂ ಅದನ್ನು ಮೈಯಿಂದ ದೂರ ಹಿಡಿದಿದ್ದರು. ಬ್ಯಾಟರಿ ಬಿಚ್ಚಬಲ್ಲವರು ಮಾತ್ರ ಯಾರೂ ಇರಲಿಲ್ಲ.

"ಕಂಪನಿ ಸೆಂಟರಿಗೆ ಹೋಗ್ರಿ" ಎಂದು ಓಬಳೆಪ್ಪ ಕೂಗಿದ.

"ಅದೆಲ್ಲೈತೋ ಏನೋ, ನಮಗೇನು ಗೊತ್ರಿ?" ಎಂದ ಮುಂದೆ ನಿಂತಿದ್ದ ಮುದುಕ. "ಕೊಪ್ಪಳದಾಗ ಮಲ್ಲೇಶ ಅಂತ ಒಬ್ಬಾಂವ ಇದ್ದ, ಛಲೋ ಮಾಡಿ ಕೊಡ್ತಿದ್ದ. ಅವನ್ನ ಕರಸ್ರಿ."