ಗಿರಣಿ ನಿಲ್ಲುತ್ತಿದ್ದ ಐದು ನಿಮಿಷ

"ಗಿರಣಿ ಬಂದ್ ಮಾಡ್ರಿ! ಮ್ಯಾಲೆ ಒಬ್ಬರ ಹೃದಯದ ಪ್ರಶ್ನೆ ಅದ!"

ಹಿಟ್ಟು ಮೆತ್ತಿದ ರೆಪ್ಪೆ ಎತ್ತಿ ನೀತಾ ನೋಡಿದಳು. ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತವನು ಸುದೀಪ. ಮಹಡಿಯ ಮೇಲೆ ಅಂದೇ ಶುರುವಾಗಿದ್ದ ಡಾಕ್ಟರ್ ದಿಗಂಬರರ ಹೃದ್ರೋಗ ಕೇಂದ್ರದ ಟೆಕ್ನಿಷಿಯನ್.

"ಜ್ವಾಳ ಅರ್ಧಾ ಬೀಸೇನ್ರಿ. ಗಿರಾಕಿ ಮನಿ ಭಕ್ರಿ ನೀವು ಬಡೀತೀರೇನು?"

"ನಿಮ್ಮ ಗಿರಣಿ ನಡುಗಿದ್ರ ನಮ್ಮ ಇಸಿಜಿ ಗೆರಿನೂ ನಡಗತದ್ರಿ! ಗಟ್ಟಿಮುಟ್ಟಾದ ಅಜ್ಜಾರನ್ನ ಐಸಿಯುಕ್ಕ ಕಳಸೂ ಹಂಗಾಗೇದ!"

ನಗು ತಡೆದುಕೊಂಡು ಅವಳು ಸ್ವಿಚ್ ಆರಿಸಿದಳು. ಗದ್ದಲ ಸತ್ತಿತು. ಅವನು ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ...

"ಹೋಗ್ರಿ, ಅಜ್ಜಾರು ಕಾಯಾಕತ್ತಾರ!"

"ಹಾಂ... ಹೌದ್ರಿ!"

ಅಂದಿನಿಂದ ದಿನಕ್ಕೆ ಹತ್ತು ಸಲ ಅದೇ ಕೂಗು. "ಪೇಶಂಟ್ ಶರ್ಟ್ ಬಿಚ್ಚಾಕತ್ತಾರ್ರಿ, ಐದು ನಿಮಿಷ ಅದ" ಎಂದು ಅವನು ಅಲ್ಲೇ ನಿಲ್ಲುತ್ತಿದ್ದ. "ಇವತ್ತ ಗೋದಿಯೇನ್ರಿ?" ಎನ್ನುತ್ತಿದ್ದ. ಅಷ್ಟೇ! ಮೂರು ವರ್ಷದಲ್ಲಿ ನೀತಾಳಿಗೆ ಆ ಮೌನದ ಚಟವೇ ಹತ್ತಿತು.

ಒಂದು ಶನಿವಾರ ಅವನು ಬಂದು ನಗುತ್ತಲೇ ಹೇಳಿದ: "ಕೇಂದ್ರ ದೂರದ ಮಗರಪಟ್ಟಾ ಬಡಾವಣಿಗೆ ಹೊಂಟೇದ. ಸೋಮವಾರದಿಂದ ನಿಮಗ ನಮ್ಮ ತ್ರಾಸ ಇಲ್ಲ ನೋಡ್ರಿ."

"ಭಾಳ ಚಲೋ ಆತು!" ಎಂದು ನೀತಾ ಮುಖ ತಿರುಗಿಸಿದಳು.

ನನ್ನ ಗದ್ದಲ ತಪ್ಪಿತೆಂದು ಇವನಿಗೆಷ್ಟು ಖುಷಿ! ಆ ಸಿಟ್ಟಿನಲ್ಲಿ ಅವಳು ಯಾರದೋ ಕಡಲೆಯನ್ನು ಗಿರಾಕಿ ರಾಧಾಬಾಯಿಯ ಗೋಧಿಗೆ ಸುರಿದುಬಿಟ್ಟಳು.

ಭಾನುವಾರ ಮಹಡಿಯ ಮೇಲೆ ಬೀಳ್ಕೊಡುಗೆ. ನೀತಾಳಿಗೆ ಶಾಲು ಹೊದಿಸುತ್ತ ಡಾಕ್ಟರು ಕೇಂದ್ರದ ಇತಿಹಾಸ ಹೇಳತೊಡಗಿದರು.

"ಮೊದಲನೇ ವರ್ಷ ದಿನಕ್ಕ ಇಬ್ಬರು ಪೇಶಂಟ್ ಬಂದ್ರ ದೀಪಾವಳಿ ನಮಗ! ಆ ಇಬ್ಬರಿಗೂ ಈ ನಮ್ಮ ತಂಗಿ ಗಿರಣಿ ನಿಲ್ಲಿಸ್ಯಾಳ!"

ಇಬ್ಬರೇ?!

"ಡಾಕ್ಟ್ರೇ, ಇವರು ದಿನಕ್ಕ ಹತ್ತು ಸಲ ನಿಲ್ಲಿಸ್ಯಾರ್ರಿ!" ನೀತಾ ಸುದೀಪನತ್ತ ಬೆರಳು ಮಾಡಿದಳು.

ಸುದೀಪನಿಗೆ ಒಮ್ಮೆಲೇ ಫ್ಯಾನಿನ ಮೇಲೆ ಆಸಕ್ತಿ ಹುಟ್ಟಿತು.

"ಸುದೀಪಾ," ಡಾಕ್ಟರು ಕನ್ನಡಕ ಸರಿಸಿದರು, "ಉಳಿದ ಎಂಟು ಮಂದಿ ಯಾರಪಾ?"

ಇಡೀ ಕೋಣೆ ಗೊಳ್ಳೆಂದಿತು. ಮುಖ ಕೆಂಪಾದ ನೀತಾ ಮೆಟ್ಟಿಲಿಳಿದು ಓಡಿದಳು. ಅವನು ಹಿಂದೆಯೇ ಬಂದ.

"ಮೂರು ವರ್ಷ ಸುಳ್ಳು ಹೇಳೀರಿ!"

"ಒಂದು ಖರೇ ಹೇಳಾಕಂತ ಬರತಿದ್ದೆ, ನೀತಾ. ಗಿರಣಿ ನಿಂತ ಮ್ಯಾಲ ಅಷ್ಟು ಶಾಂತ ಆಗತಿತ್ತು... ಧೈರ್ಯನ ಸಾಲತಿರಲಿಲ್ಲ."

"ಈಗ?"

"ಈಗ ಊರಿಗೆಲ್ಲಾ ಗೊತ್ತಾತಲ್ಲ! ನನ್ನ ಮದುವಿ ಆಗತೀರೇನು?"

ಅವಳು ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಕಣ್ಣು ತುಂಬಿ ಬಂದಿತ್ತು; ತುಟಿಯಲ್ಲಿ ಮಾತ್ರ ನಗು.

"ನಮ್ಮ ಅಪ್ಪಾರನ್ನ ನೀವ ಬಂದು ಕೇಳಬೇಕು."

"ಅವರು ಬ್ಯಾಡಂದ್ರ?"

"ನೀವು ಬರ್ರಿ... 'ಹೂಂ' ಅನ್ನೂ ಹಂಗ ನಾ ಮಾಡತೀನಿ."